ಎಂಟನೇ ಮಡೆಗೆ ನೀರು

ಕಳೆದ ಬೇಸಿಗೆಯಲ್ಲಿ ನಾನು ಮೂರು ಬೆಳಿಗ್ಗೆ ನೀರು ಕದ್ದೆ. ಮೊದಲ ಸಲ ಹನ್ನೊಂದು ನಿಮಿಷ, ಎರಡನೆಯ ಸಲವೂ ಹನ್ನೊಂದು, ಮೂರನೆಯ ಸಲ ಹದಿನೆಂಟು. ನಿಮಿಷಗಳು ಖಚಿತವಾಗಿ ಗೊತ್ತಿವೆ, ಏಕೆಂದರೆ ಅಳೆಯುವುದು ನನ್ನ ಕಸುಬು. ಶಿಕಾಗೋದಿಂದ ನಾಲ್ಕೈದು ಗಂಟೆ ದಾರಿಯ ವಿಕ್ಸಮ್ ಊರಿನ ಒಂದು ಕಾರ್ಖಾನೆಯಲ್ಲಿ ತಯಾರಾಗುವ ಮೀಟರುಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ನೋಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಆ ಮೂರು ಬೆಳಿಗ್ಗೆಗಳನ್ನು ನೆನೆದರೆ ಈಗಲೂ ನಾಚಿಕೆ ಬರುತ್ತದೆ, ನಗುವೂ ಬರುತ್ತದೆ. ಎರಡರಲ್ಲಿ ಯಾವುದು ಮೊದಲು ಬರುತ್ತದೆ ಎಂದು ಹೇಳಲಾರೆ. ಅದಕ್ಕೇ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ನಮ್ಮ ಬಡಾವಣೆಯಿಂದ ಎರಡು ಮೈಲಿ ದೂರದಲ್ಲಿ ಒಂದು ಚರ್ಚ್ ಇದೆ. ಅದರ ಹಿಂದಿನ ಹುಲ್ಲುಬಯಲಿನ ಅಂಚಿನಲ್ಲಿ ಎಂಟು ಪಾತಿಗಳನ್ನು ತರಕಾರಿ ಬೆಳೆದುಕೊಳ್ಳಲು ಎಂಟು ಕನ್ನಡ ಮನೆಗಳಿಗೆ ಬಿಟ್ಟುಕೊಟ್ಟಿದ್ದಾರೆ. ಪಾತಿಗಳು ಒಂದರ ಪಕ್ಕ ಒಂದು, ಸಾಲಾಗಿವೆ. ಮೇಲ್ತುದಿಯಲ್ಲಿ ಒಂದೇ ನಲ್ಲಿ. ಅಲ್ಲಿಂದ ಕೆಳತುದಿಯ ಮೇಪಲ್ ಮರಗಳವರೆಗೆ ನೆಲ ಕಣ್ಣಿಗೆ ಕಾಣದಷ್ಟು ಇಳಿಜಾರು. ನಲ್ಲಿಯ ಪಕ್ಕದ ಮೊದಲ ಪಾತಿ ಮೈಸೂರಿನ ಒಬ್ಬ ಅಂಕಲ್ ಅವರದು. ಮೂವತ್ತು ವರ್ಷಗಳ ಹಿಂದೆ ಇಲ್ಲಿಗೆ ಬಂದು ಈಗ ನಿವೃತ್ತರಾಗಿರುವ ಅವರದು ದೊಡ್ಡ ಗಂಟಲು, ದೊಡ್ಡ ಟೊಮ್ಯಾಟೋ. ನಾಲ್ಕನೆಯ ಪಾತಿ ನಮ್ಮದು. ಎಂಟನೆಯದು, ಅಂದರೆ ಮರಗಳ ಬುಡದ್ದು, ಬಾಗಲಕೋಟೆ ಕಡೆಯ ಒಬ್ಬ ಹುಡುಗಿಯದು. ಮದುವೆಯಾಗಿ ಎರಡು ವರ್ಷವಾದವಳನ್ನು ಹುಡುಗಿ ಎನ್ನುವುದು ತಪ್ಪೇನೋ, ಆದರೆ ನಾವೆಲ್ಲ ಹಾಗೇ ಅನ್ನುತ್ತಿದ್ದೆವು. ಗಂಡನ ವೀಸಾದ ಮೇಲೆ ಬಂದವಳಾದ್ದರಿಂದ ಅವಳು ಕೆಲಸಕ್ಕೆ ಹೋಗುವಂತಿರಲಿಲ್ಲ. ಜೂನ್‌ನಲ್ಲಿ ಐದು ತಿಂಗಳ ಬಸುರಿ.

ಅವಳ ಪಾತಿಯ ತುಂಬ ಒಂದೇ ಬೆಳೆ: ಮುಳ್ಳುಬದನೆ. ಆಗಸ್ಟ್ ಕೊನೆಯ ಭಾನುವಾರ ಅವಳ ಕುಬಸ ಎಂದು ಗೊತ್ತಾಗಿತ್ತು. ನಮ್ಮ ಕಡೆ ಸೀಮಂತ ಎನ್ನುವುದಕ್ಕೆ ಅವರ ಕಡೆ ಕುಬಸ ಎನ್ನುತ್ತಾರೆ. ತವರಿನವರು ಬಂದು ಮಾಡಬೇಕಾದ ಕಾರ್ಯ ಅದು. ಅವಳ ತಾಯಿಗೆ ವೀಸಾ ಸಿಕ್ಕಿರಲಿಲ್ಲ.

"ಅವ್ವಗ ಬರಾಕ ಆಗಲಿಲ್ರೀ. ಅಕಿ ಕಟ್ಟಿ ಕೊಟ್ಟ ಬೀಜನಾದ್ರೂ ನನ್ನ ಕಡೆ ಅದಾವು," ಎಂದು ಅವಳು ಮೊದಲ ದಿನವೇ ಹೇಳಿದ್ದಳು. "ಕುಬಸದ ಊಟಕ್ಕ ಇದೇ ಬದನಿಕಾಯಿ ಎಣ್ಣಿಗಾಯಿ ಆಗಬೇಕು. ಅಂಗಡ್ಯಾಗಿಂದು ನಡಿಯೂದಿಲ್ಲ."

ಮಾರ್ಚಿನಲ್ಲೇ ಅಡುಗೆಮನೆಯ ಕಿಟಕಿಯಲ್ಲಿ ಸಸಿ ಮಾಡಿ, ಜೂನ್ ಮೊದಲ ವಾರ ನೆಟ್ಟಿದ್ದಳು. ಜುಲೈನಲ್ಲಿ ಹೂವಾಗಬೇಕು. ಹೂವಾಗುವಾಗ ನೀರು ತಪ್ಪಿದರೆ ಹೂ ಉದುರುತ್ತದೆ, ಉದುರಿದರೆ ಕಾಯಿ ಇಲ್ಲ. ಇಷ್ಟು ನಮಗೆಲ್ಲರಿಗೂ ಗೊತ್ತಿತ್ತು.

ಮೊದಲು ಎಲ್ಲರ ಬಳಿಯೂ ಉದ್ದದ ರಬ್ಬರ್ ಪೈಪುಗಳಿದ್ದವು. ಜೂನ್ ಮಧ್ಯದಲ್ಲಿ ನಮ್ಮಲ್ಲೇ ಒಬ್ಬರು ಪೈಪು ತೆರೆದಿಟ್ಟು, ಅದನ್ನು ಮರೆತು, ಅರ್ಧ ಗಂಟೆ ದೂರದ ಆನ್ ಆರ್ಬರ್‌ಗೆ ಊಟಕ್ಕೆ ಹೋದರು. ಅವರು ಊಟ ಮುಗಿಸಿ ಬರುವಷ್ಟರಲ್ಲಿ ಚರ್ಚಿನ ಮಕ್ಕಳ ಆಟದ ಜಾಗ ಕೆರೆಯಾಗಿತ್ತು. ಜಾಗ ನೋಡಿಕೊಳ್ಳುವ ಮುದುಕ, ಬೇಸ್‌ಬಾಲ್ ಟೋಪಿಯನ್ನು ಎಂದೂ ತೆಗೆಯದ ಒಳ್ಳೆಯ ಮನುಷ್ಯ, ಇನ್ನು ಪೈಪು ಕೂಡದು ಎಂದರು. ನಲ್ಲಿಗೆ ಕೀಲಿಹಾಕಿ, ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಗುಂಪಿನಲ್ಲಿ ನಾನೇ ಲೆಕ್ಕದ ಮನುಷ್ಯ ಎಂದು ಯಾರೋ ಹೇಳಿದ್ದರಂತೆ.

ಪೈಪಿಲ್ಲದೆ ನೂರ ಅರವತ್ತು ಅಡಿ ನೀರು ಒಯ್ಯುವುದು ಹೇಗೆ? ಬಕೆಟ್ ಹೊರುವ ಮಾತು ಬಂತು. ಐದು ತಿಂಗಳ ಬಸುರಿ ಬಕೆಟ್ ಹೊರುವುದು ಯಾರಿಗೂ ಒಪ್ಪಿಗೆಯಾಗಲಿಲ್ಲ. ಆಗ ನಮ್ಮ ಅತ್ತೆ, ಎಂದರೆ ನನ್ನ ಹೆಂಡತಿಯ ತಾಯಿ, ಸೀರೆಯ ಮೇಲೆ ತೊಟ್ಟಿದ್ದ ಸ್ವೆಟರಿನ ತೋಳು ಏರಿಸಿ, "ಕಾಲುವೆ ತೆಗೀರಿ," ಎಂದರು.

ಅತ್ತೆ ನಾಗಮಂಗಲದ ಕಡೆಯವರು. ಮೇ ತಿಂಗಳೆಲ್ಲ ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನ ಮಗನ ಮನೆಯಲ್ಲಿದ್ದು ಆಮೇಲೆ ನಮ್ಮಲ್ಲಿಗೆ ಬಂದಿದ್ದರು. ಅಲ್ಲಿ ಅವರಿಗೆ ಶಿಕಾಗೋ ನದಿಯಲ್ಲಿ ದೋಣಿ ಸುತ್ತಾಟ ಮಾಡಿಸಿದ್ದರು. ಸರೋವರಕ್ಕೆ ಹರಿಯುತ್ತಿದ್ದ ಈ ನದಿಯನ್ನು ಹಿಂದಿನವರು ಕಾಲುವೆ ತೋಡಿ ಹಿಮ್ಮುಖ ಹರಿಸಿದರು ಎಂದು ಮಗ ವಿವರಿಸಿದ ಮೇಲೆ, ದೋಣಿ ದಡ ಮುಟ್ಟುವವರೆಗೂ ಅವರು ಬಗ್ಗಿ ನೀರು ಹೋಗುವ ದಿಕ್ಕನ್ನೇ ನೋಡುತ್ತಿದ್ದರಂತೆ.

ಕಾಲುವೆ ತೋಡಿದ ಶನಿವಾರದಷ್ಟು ನಕ್ಕ ದಿನ ನನ್ನ ಈ ದೇಶದ ಬಾಳಿನಲ್ಲಿ ಇನ್ನೊಂದಿಲ್ಲ. ಎಂಟು ಮನೆಯವರಲ್ಲಿ ಆರು ಜನ ಎಂಜಿನಿಯರುಗಳು. ಅಂಕಲ್ ಮೂರು ಕಾಲಿನ ಮೇಲೆ ನಿಂತು ನೆಲದ ಮಟ್ಟ ತೋರಿಸುವ ಲೇಸರ್ ತಂದಿದ್ದರು.

"ಸ್ಲೋಪ್ ಎಷ್ಟಿದೆ ಅಂತ ಮೊದಲು ನೋಡ್ಬೇಕು. ಸುಮ್ಸುಮ್ನೆ ಅಗೆಯೋದಲ್ಲ," ಎಂದರು.

"ನೀರ್ನೇ ಕೇಳಿ ಸ್ವಾಮಿ. ಅದಕ್ಕಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದ ಅತ್ತೆ ಒಂದು ಚೊಂಬು ನೀರನ್ನು ನೆಲಕ್ಕೆ ಸುರಿದು, ಅದು ಹೋದ ಕಡೆಗೆ ಸನಿಕೆಯ ಹಿಡಿಯಿಂದ ಗೀರು ಎಳೆದುಕೊಂಡು ನಡೆದರು. ನಿಂತಲ್ಲಿ ಇನ್ನೊಂದು ಚೊಂಬು. ಹೀಗೆ ಹದಿನಾಲ್ಕು ಚೊಂಬಿಗೆ ಗೀರು ಮರಗಳ ಬುಡ ಮುಟ್ಟಿತು. ಲೇಸರ್ ತೋರಿಸಿದ್ದೂ ಹೆಚ್ಚುಕಡಿಮೆ ಅದೇ ದಾರಿ. ಅಂಕಲ್ ಅದನ್ನು ಮಡಿಸಿ ಕಾರಿನಲ್ಲಿಟ್ಟು ಬಂದು ಗುದ್ದಲಿ ಹಿಡಿದರು.

ಆ ಮಣ್ಣು ಜಿಗಟು. ನಮ್ಮ ಬೂಟುಗಳೆಲ್ಲ ಒಂದೊಂದು ಸೇರು ತೂಕ ಏರಿದವು. ಕಾಲುವೆಯಿಂದ ಪ್ರತಿ ಪಾತಿಗೂ ಒಂದೊಂದು ಬಾಯಿ ಬಿಟ್ಟೆವು. ಅದಕ್ಕೆ ಅತ್ತೆ ಮಡೆ ಎನ್ನುತ್ತಿದ್ದರು. ಮಣ್ಣು ಎಳೆದರೆ ಮಡೆ ಮುಚ್ಚುತ್ತದೆ, ಸರಿಸಿದರೆ ನೀರು ಪಾತಿಗೆ ತಿರುಗುತ್ತದೆ. ನಾಲ್ಕು ಗಂಟೆಗೆ ನಲ್ಲಿ ತಿರುಗಿಸಿದೆ. ನೀರು ಒಂದು ಮುಷ್ಟಿ ಒಣಹುಲ್ಲನ್ನು ಮುಂದೆ ತಳ್ಳಿಕೊಂಡು, ಅಲ್ಲಲ್ಲಿ ನಿಂತು, ಹಳ್ಳ ತುಂಬಿಕೊಂಡು, ಮತ್ತೆ ಹೊರಟಿತು. ನಲವತ್ತು ದಾಟಿದ ಗಂಡಸರು ಹೆಂಗಸರು ಅದರ ಪಕ್ಕದಲ್ಲಿ ಕೂಗುತ್ತ ಓಡಿದೆವು. ನನ್ನ ತಲೆಯೊಳಗೆ ಯಾರೋ ಸೋಡಾ ಬಾಟಲಿಯ ಗೋಲಿ ಒತ್ತಿದಂತಾಯಿತು. ಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ನಲ್ಲಿ ತಿರುಗಿಸುತ್ತೇನೆ, ಒಮ್ಮೆಯೂ ಹಾಗಾದದ್ದಿಲ್ಲ.

ಹನ್ನೆರಡು ವರ್ಷದ ನನ್ನ ಮಗಳು ಆ ರಜೆಯಲ್ಲಿ ಶಾಲೆಯವರು ಹೇಳಿದ್ದ ಪ್ರಾಚೀನ ನಾಗರಿಕತೆಗಳ ಪಾಠ ಓದುತ್ತಿದ್ದಳು. ಗರಾಜಿನ ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಎರಡು ನೀಲಿ ನದಿಗಳನ್ನು ಬರೆದಿದ್ದಳು, ಟೈಗ್ರಿಸ್ ಮತ್ತು ಯೂಫ್ರಟಿಸ್. ಬೆಟ್ಟದ ಹಿಮ ಕರಗಿ ಅಲ್ಲಿ ಪ್ರವಾಹ ಬರುವುದು ವಸಂತದಲ್ಲಿ, ಪೈರು ಕೊಯ್ಲಿಗೆ ಬಂದಿರುವಾಗ. ಬಿತ್ತನೆಯ ಕಾಲಕ್ಕೆ ನದಿ ಸೊರಗಿರುತ್ತದೆ. ಬೇಡದಾಗ ಬರುವ ನೀರನ್ನು ತಡೆದು, ಬೇಕಾದಾಗ ಒಯ್ಯಲು ಒಂದು ಮನೆಯವರ ಕೈಯಲ್ಲಿ ಆಗದು. ಊರೆಲ್ಲ ಸೇರಿ ಕಾಲುವೆ ತೋಡಬೇಕು, ವರ್ಷಾವರ್ಷ ಹೂಳು ತೆಗೆಯಬೇಕು. ಯಾರು ಎಷ್ಟು ದಿನ ಅಗೆದರು, ಯಾರ ಹೊಲಕ್ಕೆ ಎಂದು ನೀರು ಎಂಬುದನ್ನು ನೆನಪಿನಲ್ಲಿಡಲಾಗದೆ ಹಸಿ ಜೇಡಿಮಣ್ಣಿನ ಹಲಗೆಯ ಮೇಲೆ ಗುರುತು ಹಾಕಿಡಬೇಕು. ನೈಲ್ ನದಿಯವರು ಕಲ್ಲಿನ ಮೆಟ್ಟಿಲುಗಳ ಮೇಲೆ ಪ್ರವಾಹದ ಎತ್ತರ ಅಳೆದು, ಆ ವರ್ಷ ಬೆಳೆ ಎಷ್ಟಾದೀತು, ಕಂದಾಯ ಎಷ್ಟು ಕೇಳಬಹುದು ಎಂದು ಮೊದಲೇ ಎಣಿಸುತ್ತಿದ್ದರು. ಆ ಮೆಟ್ಟಿಲುಗಳ ಪಕ್ಕ ನಿಂತು ಅಳೆದವನು ನನ್ನ ಕಸುಬಿನ ಮೂಲಪುರುಷ ಎಂದು ನನಗೆ ಹೆಮ್ಮೆಯಾಯಿತು.

ನಮ್ಮಲ್ಲೂ ಒಂದೇ ವಾರದಲ್ಲಿ ಎಲ್ಲ ಬಂದವು. ವಾಟ್ಸಾಪ್ ಗುಂಪು ಬಂತು. ನಾನು ಎಕ್ಸೆಲ್‌ನಲ್ಲಿ ಪಾಳಿಪಟ್ಟಿ ಮಾಡಿದೆ. ಮೂರನೆಯ ಪಾತಿಯವರು ನೀರು ಬಿಡುವ ಮೊದಲು ನಲ್ಲಿಗೆ ಅರಿಶಿನ ಕುಂಕುಮ ಹಚ್ಚತೊಡಗಿದರು. ಹೂಳು ತೆಗೆಯಲು ಬಾರದವರು ಎಲ್ಲರಿಗೂ ಕಾಫಿ ತರಬೇಕೆಂಬ ನಿಯಮ ಬಂತು. ಕಾಫಿ ತಿಳಿಯಾಗಿದೆ ಎಂಬ ಮೊದಲ ತಕರಾರೂ ಬಂತು.

ಊಟದ ಹೊತ್ತಿಗೆ ಇದನ್ನೆಲ್ಲ ಕೇಳಿದ ಮಗಳು, "ಅಪ್ಪಾ, ದಿಸ್ ಈಸ್ ಲಿಟರಲಿ ಮೆಸೊಪೊಟೇಮಿಯಾ," ಎಂದಳು.

"ಏನಂತಾಳೆ ಅವ್ಳು?" ಎಂದರು ಅತ್ತೆ.

"ನಮ್ಮನ್ನ ಹಳೇ ಕಾಲದೋರು ಅಂತಿದಾಳೆ."

"ಸರಿಯಾಗೇ ಅಂದ್ಳು ಬಿಡಿ."

ಜುಲೈ ಎರಡನೆಯ ವಾರ ಮಳೆ ನಿಂತಿತು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ, ತೊಂಬತ್ತೆರಡು, ತೊಂಬತ್ತನಾಲ್ಕು. ನಗರದವರು ತೋಟಕ್ಕೆ ನೀರು ಬೆಸ ತಾರೀಖುಗಳಲ್ಲಿ ಮಾತ್ರ, ಬೆಳಿಗ್ಗೆ ಆರರಿಂದ ಎಂಟರವರೆಗೆ ಎಂದು ಕಟ್ಟಪ್ಪಣೆ ಮಾಡಿದರು. ನೂರ ಇಪ್ಪತ್ತು ನಿಮಿಷ, ಎಂಟು ಪಾತಿ, ತಲಾ ಹದಿನೈದು ನಿಮಿಷ. ನಲ್ಲಿಯ ಪಕ್ಕದಿಂದ ಶುರುಮಾಡಿ ಕೆಳಗಿನವರೆಗೆ. ಇದಕ್ಕಿಂತ ನ್ಯಾಯವಾದ ಪಟ್ಟಿ ಇರಲಾರದೆಂದು ನಾನು ನಂಬಿದ್ದೆ.

ಎರಡನೆಯ ಸರದಿಯ ದಿನ ಹುಡುಗಿ ನನ್ನ ಬಳಿ ಬಂದಳು.

"ಅಣ್ಣಾರ, ನನ್ನ ಪಾಳಿ ಯಾವಾಗ ಸುರು ಆಕ್ಕೈತ್ರಿ?"

"ಏಳೂ ನಲವತ್ತೈದಕ್ಕೆ."

"ಏಳೂ ನಲವತ್ತೈದಕ್ಕ ನಿಮ್ಮ ವಾಚಿನ್ಯಾಗ ಸುರು ಆಕ್ಕೈತಿ. ಮ್ಯಾಲಿನವ್ರು ಒಬ್ಬೊಬ್ಬರೂ ಮಡಿ ಮುಚ್ಚೂದು ತಡಾ ಆಗಿ, ನೀರು ನನ್ನ ಮಡಿಗೆ ಬರೂದ್ರಾಗ ಹನ್ನೆರಡು ನಿಮಿಷ ಹೋಗಿರ್ತಾವು. ಉಳದಿದ್ದನ್ನ ಕಡೀ ತುದಿ ಒಣಾ ಕಾಲುವಿನೇ ಕುಡದುಬಿಡತೈತಿ. ಮೂರು ನಿಮಿಷದಾಗ ನನ್ನ ಬದನಿ ಬರೇ ಮುಖಾ ತೊಳಕೊಂತಾವು."

ಅವಳು ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಪಟ್ಟಿ ತಿದ್ದಬಹುದಿತ್ತು. ಮುಂದಿನ ವಾರ ನೋಡೋಣ ಎಂದೆ. ಇದನ್ನು ಬಿಟ್ಟುಬಿಡದೆ ಬರೆಯಬೇಕು: ತಿದ್ದಿದರೆ ನಮ್ಮ ನಾಲ್ಕನೆಯ ಪಾತಿಯ ನಿಮಿಷಗಳು ಕಡಿಮೆಯಾಗುತ್ತವೆ ಎಂದು ಆ ಕ್ಷಣಕ್ಕೇ ನನಗೆ ಹೊಳೆದಿತ್ತು.

ಮರುದಿನ ಸಮ ತಾರೀಖು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಚರ್ಚಿನ ಹಿಂದೆ ಕಾರು ನಿಲ್ಲಿಸಿದೆ. ಐದೂ ನಲವತ್ತು, ಬೆಳಕು ಹರಿಯುತ್ತಿತ್ತು. ನಮ್ಮ ಸೌತೆಬಳ್ಳಿಯ ಎಲೆಗಳು ಕೊಡೆ ಮಡಿಸಿದಂತೆ ಜೋತುಬಿದ್ದಿದ್ದವು. ಕೀಲಿ ಕಿಸೆಯಲ್ಲಿತ್ತು. ಬರೀ ನೋಡಿ ಹೋಗೋಣ ಎಂದು ಬಂದವನು ನಾನು. ನಲ್ಲಿ ತಿರುಗಿಸಿದ್ದು ಯಾವಾಗ ಎಂದು ನೆನಪಿಲ್ಲ, ವಾಚಿನಲ್ಲಿ ಸಮಯ ಒತ್ತಿದ್ದು ನೆನಪಿದೆ. ನೀರು ಮೂರು ಪಾತಿಗಳನ್ನು ದಾಟಿ ನಮ್ಮ ಮಡೆಗೆ ಬಂತು. ಬೂಟುಗಾಲಿನಿಂದ ಮಣ್ಣು ಸರಿಸಿದೆ. ಅದು ಒಳಗೆ ತಿರುಗಿ, ಬುಡಗಳ ಸುತ್ತ ತುಂಬಿ, ಸಣ್ಣಗೆ ಸದ್ದು ಮಾಡಿತು. ಒಬ್ಬನೇ ನಿಂತು ನಕ್ಕೆ. ಶಾಲೆಗೆ ಚಕ್ಕರ್ ಹೊಡೆದು ಕೆರೆಗೆ ಈಜಲು ಹೋದ ದಿನದ ನಗು ಅದು. ಹನ್ನೊಂದು ನಿಮಿಷಕ್ಕೆ ನಿಲ್ಲಿಸಿದೆ. ಹದಿನೈದು ತೆಗೆದುಕೊಂಡರೆ ಅತಿಯಾಗುತ್ತದೆ ಎಂದು ನನಗನಿಸಿತ್ತು. ಅದೆಂಥ ಲೆಕ್ಕವೋ ಈಗ ತಿಳಿಯದು.

ಇನ್ನೂ ಎರಡು ಸಮ ತಾರೀಖುಗಳಂದು ಅದನ್ನೇ ಮಾಡಿದೆ, ಕೊನೆಯ ಸಲ ನಿಲ್ಲಿಸಿದ್ದು ಹದಿನೆಂಟಕ್ಕೆ. ಎಂಟನೆಯ ಪಾತಿಯವರೆಗೆ ನಡೆದು ನೋಡಲಿಲ್ಲ. ನೋಡಿದ್ದರೆ ಉದುರಿದ ನೇರಳೆ ಬಣ್ಣದ ಬದನೆ ಹೂಗಳು ಕಾಣುತ್ತಿದ್ದವು.

ಶುಕ್ರವಾರ ಟೋಪಿಯ ಮುದುಕ ನನಗೆ ಫೋನ್ ಮಾಡಿದರು. ನಲ್ಲಿಗೆ ಮೀಟರ್ ಇದೆ, ಅದು ದಿನದಿನದ ನೀರು ದಾಖಲಿಸುತ್ತದೆ, ಮೂರು ಸಮ ತಾರೀಖುಗಳಲ್ಲಿ ನೀರು ಹರಿದಿದೆ, ನಗರದಿಂದ ಕಾಗದ ಬಂದಿದೆ ಎಂದರು. ಯಾರೆಂದು ಭಾನುವಾರದೊಳಗೆ ಹೇಳಬೇಕು, ಇಲ್ಲವಾದರೆ ಸೆಪ್ಟೆಂಬರ್ ತನಕ ನಲ್ಲಿ ಮುಚ್ಚುತ್ತೇನೆ ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಸಂಕೋಚವಿತ್ತು. ಮೀಟರುಗಳನ್ನೇ ಪರೀಕ್ಷಿಸಿ ಬದುಕುವವನು ನಾನು. ಅಲ್ಲೊಂದು ಮೀಟರ್ ಇರುತ್ತದೆಂದು ನನಗೆ ಹೊಳೆದೇ ಇರಲಿಲ್ಲ.

ಸೆಪ್ಟೆಂಬರ್ ಎಂದರೆ ಕುಬಸ ಮುಗಿದಿರುತ್ತದೆ, ಬದನೆ ಗಿಡಗಳು ಕಡ್ಡಿಯಾಗಿರುತ್ತವೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಂಟೂ ಮನೆಯವರು ಮರದ ಬೆಂಚುಗಳ ಮೇಲೆ ಸೇರಿದೆವು. ವಿಷಯ ಹೇಳಿದವನು ನಾನೇ. ಗಂಟಲು ಸರಿಯಾಗಿಯೇ ಕೆಲಸ ಮಾಡಿತು, ಅದು ನನ್ನನ್ನು ಇಂದಿಗೂ ಹೆದರಿಸುತ್ತದೆ.

ಕೀಲಿ ನನ್ನ ಬಳಿ ಇದ್ದರೂ ಆ ಹಳೆಯ ಬೀಗ ಸ್ಕ್ರೂಡ್ರೈವರಿಗೂ ತೆರೆದುಕೊಳ್ಳುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರ ಕಣ್ಣೂ ಮೊದಲ ಪಾತಿಯ ಅಂಕಲ್ ಕಡೆ ಹೊರಳಿತು.

"ಏನು? ನನ್ ಮುಖ ಯಾಕೆ ನೋಡ್ತಿದೀರಾ?"

"ಅಂಕಲ್, ನಿಮ್ ಪಾತಿ ದಿನಾ ಬೆಳಿಗ್ಗೆ ಒದ್ದೆ ಇರುತ್ತೆ," ಎಂದರು ಆರನೆಯ ಪಾತಿಯಾಕೆ. "ಸುಳ್ಳಾ ಹೇಳಿ?"

"ನಲ್ಲಿ ಲೀಕ್ ಆಗುತ್ತಮ್ಮಾ! ನಾನೇನು ಅದಕ್ಕೆ ಡೈಪರ್ ಕಟ್ಲಾ?"

ಕೆಲವರು ನಕ್ಕರು. ಆದರೆ ಆಕೆ ನಗಲಿಲ್ಲ. "ನಮಗ್ಯಾರಿಗೂ ಅಷ್ಟು ದಪ್ಪ ಟೊಮ್ಯಾಟೋ ಬಂದಿಲ್ಲ ಅಂಕಲ್. ಚರ್ಚಿನವ್ರಿಗೆ ಒಂದು ಹೆಸರು ಕೊಡ್ಲೇಬೇಕು. ನೀವು ಈ ವರ್ಷ ಪಾತಿ ಬಿಟ್ರೆ ಉಳಿದ ಏಳು ಮನೆ ಉಳಿಯುತ್ತೆ."

ಅಂಕಲ್ ತಮ್ಮ ಟೊಮ್ಯಾಟೋ ಗಿಡಗಳ ಕಡೆ ತಿರುಗಿ ನೋಡಿದರು. ಅವರು ಮೊದಲ ಬಾರಿಗೆ ಮುದುಕರಂತೆ ಕಂಡರು. ನಾನು ಪಟ್ಟಿಯ ಹಾಳೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಬ್ಯಾಬಿಲೋನಿನಲ್ಲಿ ತನ್ನ ಕಾಲುವೆಯನ್ನು ಸರಿಯಾಗಿ ನೋಡಿಕೊಳ್ಳದೆ ನೆರೆಯವನ ಹೊಲ ಮುಳುಗಿಸಿದವನು ಹಾಳಾದ ಧಾನ್ಯವನ್ನು ತುಂಬಿಕೊಡಬೇಕಿತ್ತು ಎಂದು ಮಗಳು ಓದಿ ಹೇಳಿದ್ದಳು. ಪಟ್ಟಿ ಬರೆಯುವವನೇ ಕದ್ದರೆ ಏನೆಂದು ಆ ಕಾನೂನಿನಲ್ಲಿ ಇತ್ತೋ ಇಲ್ಲವೋ. ನಾನು ಮಾತಾಡಲಿಲ್ಲ. ಎರಡು ನಿಮಿಷವಾದರೂ ಆಗಿರಬೇಕು. ಈ ಒಂದನ್ನು ಮಾತ್ರ ನಾನು ಅಳೆಯಲಿಲ್ಲ.

ಮಾತಾಡಿದ್ದು ಆ ಹುಡುಗಿ. "ಅಂಕಲ್ ಹೆಸರ ಯಾಕ ಹೇಳ್ತೀರಿ? ಕಣ್ಣೀಲೆ ನೋಡಿದವ್ರು ಯಾರದಾರ? ನನ್ನ ಗಿಡಾ ಒಣಗಿದ್ರ ಒಣಗಲಿ ಬಿಡ್ರಿ. ಸುಳ್ಳ ಹೆಸರಿನ ನೀರಿನ್ಯಾಗ ಬೆಳದ ಬದನಿಕಾಯಿ ನನ್ನ ಕುಬಸಕ್ಕ ಬ್ಯಾಡ್ರಿ."

ಆಗ ಅತ್ತೆ ಬೆಂಚಿನಿಂದ ಎದ್ದರು.

"ಆ ಶಿಕಾಗೋದಲ್ಲಿ ನದೀನೇ ತಿರುಗ್ಸವ್ರೆ. ನಿಮ್ಮ ಕೈಲಿ ಒಂದು ನಲ್ಲಿ ಹಂಚ್ಕೊಳಾಕಾಗಲ್ವಾ?" ಎಂದರು. "ಪಟ್ಟಿ ಇದ್ರೆ ಸಾಲ್ದು. ನೀರುಗಂಟಿ ಬೇಕು. ನಮ್ಮಪ್ಪ ನೀರುಗಂಟಿ. ಕೆರೆ ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಎಷ್ಟು ಅನ್ನೋದು, ಎಲ್ಲಾ ಅವರದೇ. ಊರಗೌಡ ಬಂದ್ರೂ ಮಡೆ ಮುಟ್ಟಂಗಿರ್ಲಿಲ್ಲ."

ಮದುವೆಯಾದಾಗಿನಿಂದ ನನಗೆ ಗೊತ್ತಿದ್ದುದು ಹೆಂಡತಿಯ ಅಜ್ಜ ನೀರಾವರಿ ಇಲಾಖೆಯಲ್ಲಿದ್ದರು ಎಂದು. ನನ್ನ ಹೆಂಡತಿ ನೆಲ ನೋಡುತ್ತಿದ್ದಳು. ಊರಿನಲ್ಲಿ ನೀರುಗಂಟಿಯನ್ನು ಜಗಲಿಯ ಮೇಲೆ ಕೂರಿಸುತ್ತಿರಲಿಲ್ಲ ಎಂಬುದು ಅಲ್ಲಿದ್ದ ಹಿರಿಯರಿಗೆಲ್ಲ ಗೊತ್ತಿತ್ತು. ಅತ್ತೆ ತಲೆ ಎತ್ತಿಯೇ ನಿಂತಿದ್ದರು.

"ನೀರುಗಂಟಿಗೆ ಕೆರೆ ಬಯಲಲ್ಲಿ ಒಂದು ಗುಂಟೆನೂ ಇರಬಾರ್ದು," ಎಂದು ಮುಂದುವರಿಸಿದರು. "ಇದ್ರೆ ಕೈ ತನ್ನ ಗದ್ದೆ ಕಡೀಕೇ ಹೋಯ್ತದೆ. ಮೊದಲು ನೀರು ಕಡೇ ಗದ್ದೆಗೆ. ಅಲ್ಲಿಂದ ಮೇಲಕ್ಕೆ ಬರಬೇಕು. ನೀರು ಮಡೆ ಮುಟ್ದಾಗಿಂದ ಲೆಕ್ಕ, ತೂಬು ಎತ್ತಿದಾಗಿಂದಲ್ಲ."

"ಪಾತಿ ಬಿಟ್ಟು ಬರೀ ನೀರು ಕಾಯೋಕೆ ಯಾರಮ್ಮಾ ಬರ್ತಾರೆ?" ಎಂದರು ಅಂಕಲ್, ಮತ್ತೆ ತಮ್ಮ ದೊಡ್ಡ ಗಂಟಲಿನಲ್ಲಿ. "ಕಳ್ಳ ಅಂದ್ರೂ ಪರವಾಗಿಲ್ಲ, ನಾನಂತೂ ನನ್ನ ಟೊಮ್ಯಾಟೋ ಬಿಡಲ್ಲ."

ಅತ್ತೆ ನನ್ನ ಮುಖ ನೋಡಲಿಲ್ಲ. ನನ್ನ ಬೂಟುಗಳನ್ನು ನೋಡಿದರು. ಆಫೀಸಿನ ಕಪ್ಪು ಬೂಟು. ಆ ಮೂರು ದಿನವೂ ಸಂಜೆ ಅದರ ಕೆಸರು ಒರೆಸಿ ಬಾಗಿಲ ಬಳಿ ಇಟ್ಟವರು ಅವರು.

"ನೀರು ಬಿಟ್ಟಿದ್ದು ನಾನು," ಎಂದೆ. "ಮೂರು ದಿನ. ಹನ್ನೊಂದು ನಿಮಿಷ, ಹನ್ನೊಂದು, ಆಮೇಲೆ ಹದಿನೆಂಟು."

ಅಂಕಲ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕದಿಯೋದಲ್ದೆ ನಿಮಿಷ ಬೇರೆ ಬರ್ಕೊಂಡಿದೀಯಲ್ಲೋ!"

ಮೊದಲು ನಕ್ಕಿದ್ದು ಆರನೆಯ ಪಾತಿಯಾಕೆ. ಆಮೇಲೆ ಎಲ್ಲರೂ. ಹುಡುಗಿ ಹೊಟ್ಟೆ ಹಿಡಿದುಕೊಂಡು, "ಸಾಕ್ರೀ, ಕೂಸು ಒದೀಲಿಕ್ಕತ್ತೈತಿ," ಎಂದಳು. ನಾನು ಬೆಂಚಿನ ಮೇಲೆ ಕುಳಿತೆ. ನಾನೂ ನಗುತ್ತಿದ್ದೆ.

ಆಮೇಲಿನದು ಬೇಗ ಮುಗಿಯಿತು. ನಾಲ್ಕನೆಯ ಪಾತಿ ಬಿಟ್ಟುಕೊಟ್ಟೆ. ಅದರಲ್ಲಿ ಅತ್ತೆಯ ದಂಟಿನ ಸೊಪ್ಪೂ ಇತ್ತು. "ಒಣಗ್ಲಿ ಬಿಡಿ," ಎಂದರು. ಮಧ್ಯಾಹ್ನ ಅತ್ತೆಯನ್ನೇ ಕರೆದುಕೊಂಡು ಹೋಗಿ ಚರ್ಚಿನ ಮುದುಕರಿಗೆ ತಪ್ಪೊಪ್ಪಿಕೊಂಡು, ಕೀಲಿ ವಾಪಸು ಕೊಟ್ಟೆ. ಅವರು ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿ ಅತ್ತೆಯ ಕೈಗೆ ಕೊಟ್ಟರು. ಕೊಡುವಾಗ ಟೋಪಿ ತೆಗೆದರು. ಇನ್ನೊಂದು ಸಲ ಹೀಗಾದರೆ ಮಾತಿಲ್ಲ, ಬೀಗವೇ ಎಂದೂ ಹೇಳಿದರು. ಅತ್ತೆ ಕೀಲಿಯ ಒಡತಿ, ನಾನು ಅವರ ಕೈಕೆಳಗಿನ ನೀರುಗಂಟಿ.

ಮುಂದಿನ ಬೆಸ ತಾರೀಖು ಮಂಗಳವಾರ. ಆರು ಗಂಟೆಗೆ ಎಲ್ಲರೂ ಹಾಜರಿದ್ದರು, ಆಫೀಸಿಗೆ ತಡವಾದರೂ ಚಿಂತೆಯಿಲ್ಲ ಎಂದು. ಎಲ್ಲ ಮಡೆಗಳನ್ನೂ ಮುಚ್ಚಿದ್ದೆ, ಎಂಟನೆಯದನ್ನು ಬಿಟ್ಟು. ಅತ್ತೆ ನಲ್ಲಿ ತಿರುಗಿಸಿದರು. ನೀರಿನ ತಲೆ ಕಂದು ನೊರೆ ಕಟ್ಟಿಕೊಂಡು ಹೊರಟಿತು. ಅದರ ಮುಂದೆ ಇರುವೆಗಳು ಮೊಟ್ಟೆ ಹೊತ್ತು ದಡ ಏರುತ್ತಿದ್ದವು.

"ನನ್ ಪಾತಿ ಮುಂದೇನೇ ಹೋಗ್ತಿದೆ, ಮಾತಾಡಿಸ್ತಾನೂ ಇಲ್ಲ!" ಎಂದು ಅಂಕಲ್ ಕೂಗಿದರು.

"ಬರುವಾಗ ಮಾತಾಡಿಸ್ತದೆ, ಕೂತ್ಕೊಳಿ ಸ್ವಾಮಿ," ಎಂದರು ಅತ್ತೆ.

ನಾಲ್ಕನೆಯ ಮಡೆಯ ಬಳಿ ನೀರು ಬಂದಾಗ ನಾನು ಅಲ್ಲಿ ನಿಂತಿದ್ದೆ. ಒಳಗೆ ಸೌತೆ ಎಲೆಗಳು ಕಾಗದದಂತಾಗಿದ್ದವು. ಮಣ್ಣಿನ ಒಂದು ಬದಿ ಒದ್ದೆಯಾಗಿ ಕುಸಿಯತೊಡಗಿತು. ಒಂದು ಹಿಡಿ ಮಣ್ಣು ಜಾರಿದ್ದರೂ ನೀರು ಒಳಗೆ ಹೋಗುತ್ತಿತ್ತು, ಯಾರೂ ನನ್ನನ್ನು ದೂರುತ್ತಿರಲಿಲ್ಲ. ನನ್ನ ಬಲಗಾಲಿಗೆ ಆ ದಾರಿ ಚೆನ್ನಾಗಿ ಗೊತ್ತಿತ್ತು. ಬಗ್ಗಿ, ಎರಡೂ ಕೈಗಳಿಂದ ಮಣ್ಣು ಎಳೆದು, ಅದರ ಮೇಲೆ ನಿಂತೆ. ಸಾವಿರಾರು ವರ್ಷಗಳ ಹಿಂದಿನ ಆ ಊರುಗಳ ಅರಮನೆ, ಗೋಪುರಗಳ ಚಿತ್ರಗಳನ್ನು ಮಗಳ ಹಾಳೆಯಲ್ಲಿ ನೋಡಿದ್ದೇನೆ. ಹೀಗೆ ತನ್ನದೇ ಒಣ ಹೊಲದ ಬಾಯಿ ಮುಚ್ಚಿ ಅದರ ಮೇಲೆ ನಿಂತವರ ಚಿತ್ರ ಅದರಲ್ಲಿ ಇರಲಿಲ್ಲ.

ಆರೂ ಹತ್ತೊಂಬತ್ತಕ್ಕೆ ನೀರು ಎಂಟನೆಯ ಮಡೆ ಮುಟ್ಟಿತು. ಹುಡುಗಿ ಚಪ್ಪಲಿ ಬಿಟ್ಟು ಸಾಲಿನೊಳಗೆ ಇಳಿದು, "ಬಾ, ಬಾ, ಬಾ," ಎಂದು ಆಕಳನ್ನು ಕರೆದಂತೆ ನೀರನ್ನು ಕರೆಯುತ್ತಿದ್ದಳು. ನೀರು ಅವಳ ಪಾದದ ಮೇಲೆ ಹತ್ತಿದಾಗ ಕಿರುಚಿದಳು.

"ಕೂಗ್ತಾ ನಿಂತ್ರೆ ಆಯ್ತದಾ? ಆ ಕಡೆ ಸಾಲಿಗೆ ತಿರುಗ್ಸವ್ವಾ!" ಎಂದು ಅತ್ತೆ ನಲ್ಲಿಯ ಬಳಿಯಿಂದಲೇ ಗದರಿದರು. ಅವಳು ಕಾಲಿನಿಂದಲೇ ಮಣ್ಣು ಸರಿಸಿ ತಿರುಗಿಸಿದಳು. ಬಾಡಿದ ಗಿಡಗಳಲ್ಲಿ ಹನ್ನೆರಡರಲ್ಲಿ ಹೂ ಇನ್ನೂ ನಿಂತಿತ್ತು. ನಮ್ಮ ಪಾತಿ ಬಿಟ್ಟು ಉಳಿದ ಏಳಕ್ಕೆ ತಲಾ ಹದಿನಾಲ್ಕು ನಿಮಿಷ ಸ್ವಚ್ಛವಾಗಿ ಸಿಕ್ಕಿತು. ಕೊನೆಗೆ ನೀರು ಅಂಕಲ್ ಪಾತಿಗೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಕೈಕಟ್ಟಿಕೊಂಡು ಮುಖ ತಿರುಗಿಸಿ ನಿಂತಿದ್ದರೂ ಮೀಸೆಯ ಅಡಿಯಲ್ಲಿ ನಗುತ್ತಿದ್ದುದು ಕಾಣುತ್ತಿತ್ತು.

ಐದು ವಾರ ಹೀಗೇ ನಡೆಯಿತು. ಆಗಸ್ಟ್ ಕೊನೆಯ ಭಾನುವಾರ ಅವಳ ಮನೆಯಲ್ಲಿ ಹಸಿರು ಸೀರೆ, ಹಸಿರು ಬಳೆ. ತವರಿನವರ ಜಾಗದಲ್ಲಿ ನಿಂತು ಅತ್ತೆ ಉಡಿ ತುಂಬಿದರು. ಬಾಗಲಕೋಟೆಯಲ್ಲಿದ್ದ ತಾಯಿ ವಿಡಿಯೋ ಕರೆಯಲ್ಲಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಫೋನಿನ ತುಂಬ ಮೂಗೇ ಕಾಣುವಷ್ಟು ಹತ್ತಿರ ಬಂದು ನೋಡುತ್ತಿದ್ದರು. ಬಂದವರು ನಲವತ್ತು ಜನ, ಪಾತ್ರೆಯಲ್ಲಿ ಎಣ್ಣೆಗಾಯಿ ಮೂವತ್ತೊಂದು. ಬಡಿಸಲು ಹೊರಟ ಹುಡುಗಿ ಮೊದಲು ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಫೋನಿಗೆ ಹಿಡಿದಳು.

"ನೋಡವ್ವಾ, ನಿನ್ನ ಬೀಜದ್ದೇ. ಹೆಂಗ ಆಗ್ಯಾವ?"

ತಾಯಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಚಂದ ಆಗ್ಯಾವ ಮಗಳ. ಆದ್ರ ಗಿಡ್ಡ ಆಗ್ಯಾವು," ಎಂದರು. "ಹೂವಿನ್ಯಾಗ ಇದ್ದಾಗ ನೀರ ಬಿದ್ದಿಲ್ಲ. ಯಾರು ನೀರ ಹಾಯಿಸ್ತಿದ್ರು?"

ನಲವತ್ತು ಜನರೂ ನನ್ನ ಕಡೆ ತಿರುಗಿದರು. ಅಂಕಲ್ ತಮ್ಮ ತಟ್ಟೆಯನ್ನು ಪಕ್ಕಕ್ಕಿಟ್ಟು ಫೋನಿನ ಹತ್ತಿರ ಹೋಗಿ ಕುರ್ಚಿ ಎಳೆದುಕೊಂಡು ಕುಳಿತರು.

"ಹೇಳ್ತೀನಿ ಕೇಳಿ ತಾಯಿ," ಎಂದರು. "ನಿಮಿಷದ ಲೆಕ್ಕಾನೂ ಇದೆ."